ಪ್ರೀತಿಯವರ ಕೋಣೆ

ಜೂನ್ 12, ಬುಧವಾರ

ಅಕ್ಕಾ,

ಮೊದಲು ಸುದ್ದಿ, ಆಮೇಲೆ ಬೈಗುಳ. ನನಗೆ ಕೆಲಸ ಸಿಕ್ಕಿತು. ವಿಶ್ವವಿದ್ಯಾಲಯದ ಭಾಷಾ ಕಲಿಕಾ ಕೇಂದ್ರದಲ್ಲಿ ಸಂಜೆ ನಾಲ್ಕರಿಂದ ಏಳರ ತನಕ ನಾನು 'ಮಾತಿನ ಜೊತೆಗಾರ್ತಿ'. ಬೇರೆ ಕಡೆಯವರು ನಮ್ಮ ಭಾಷೆ ಕಲಿಯಲು ಬರುತ್ತಾರೆ. ಮೇಷ್ಟರುಗಳು ಪಾಠ ಹೇಳುತ್ತಾರೆ, ಕಲಿತದ್ದನ್ನು ಬಾಯಲ್ಲಿ ಆಡಿಸುವುದು ನಮ್ಮಂಥ ವಿದ್ಯಾರ್ಥಿಗಳ ಪಾಲು. 'ಬಾಯಿ ಮುಚ್ಚೇ ಚಿನಕುರಳಿ' ಅಂತ ಚಿಕ್ಕಂದಿನಿಂದ ಬೈದೆಯಲ್ಲ, ಈಗ ನೋಡು, ಬಾಯಿ ತೆರೆದದ್ದಕ್ಕೇ ಸಂಬಳ.

ಕೇಂದ್ರ ಇರುವುದು ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹನ್ನೆರಡು ಗೂಡು, ಒಂದೊಂದರಲ್ಲಿ ಎರಡು ಕುರ್ಚಿ, ಒಂದು ಟೇಪ್ ರೆಕಾರ್ಡರ್, ಗೋಡೆಗೆಲ್ಲ ತೂತುತೂತಿನ ಹಲಗೆ. ಬಾಗಿಲು ಹಾಕಿದರೆ ಒಳಗೆ ಕೂಗಿಕೊಂಡರೂ ಹೊರಗೆ ಕೇಳುವುದಿಲ್ಲ. ನನ್ನ ಜೊತೆ ಇನ್ನೂ ಮೂವರಿದ್ದಾರೆ. ಕಾನೂನು ಓದುವವನು ಪ್ರಮಾಣಪತ್ರಕ್ಕಾಗಿ ಬರುತ್ತಾನೆ. ಗಣಿತದವಳು ಹೆಡ್‌ಫೋನ್ ಹಾಕಿಕೊಂಡು ನಿದ್ದೆ ಹೊಡೆಯಲು ಬರುತ್ತಾಳೆ. ಮೂರನೆಯವನು ಬರುವುದು ಗಣಿತದವಳಿಗಾಗಿ, ಅದು ಅವಳೊಬ್ಬಳಿಗೆ ಬಿಟ್ಟು ಎಲ್ಲರಿಗೂ ಗೊತ್ತು.

ಕೇಂದ್ರ ನಡೆಸುವ ನಮ್ಮ ಮೇಡಂ ಇದರ ಮೇಲೇ ಮೂರು ವರ್ಷದಿಂದ ಪ್ರಬಂಧ ಬರೆಯುತ್ತಿದ್ದಾರೆ. ಆಗಾಗ ಒಂದು ಹಾಳೆ ಕೊಡುತ್ತಾರೆ: 'ನೀವು ಇಲ್ಲಿ ಕೆಲಸಕ್ಕೆ ಯಾಕೆ ಬರುತ್ತೀರಿ?' ಹಣ, ಅನುಭವ, ಸ್ನೇಹ, ಇತರೆ. ನಾನು 'ಇತರೆ' ಎದುರು 'ಕುರ್ಚಿಗೆ ಮೆತ್ತೆ ಇದೆ' ಅಂತ ಬರೆದೆ. ಅವರು ನಗಲಿಲ್ಲ. "ಮುಂದಿನ ಸಲ ನಿಜ ಬರಿ" ಅಂದರು.

ನಿಜ ಅಂದರೆ ಮೇಡಂಗೆ ಪ್ರಾಣ. ಜೊತೆಗಾರರು ಕಟ್ಟುಕತೆ ಹೇಳಬಾರದು ಅನ್ನುವುದೇ ಕೇಂದ್ರದ ಮೊದಲ ನಿಯಮ. 'ಮನೇಲಿ ಯಾರ್ಯಾರಿದಾರೆ' ಅಂದರೆ ಇರುವವರನ್ನೇ ಹೇಳಬೇಕು. ನಿಜ ಹೇಳುವವರು ತಡವರಿಸುತ್ತಾರೆ, ನೆನಪು ಮಾಡಿಕೊಂಡು ತಿದ್ದಿಕೊಳ್ಳುತ್ತಾರೆ, ಕಲಿಯುವವರಿಗೆ ಬೇಕಾದದ್ದು ಆ ತಡವರಿಕೆಯೇ ಅಂತ ಅವರ ವಾದ. ಸುಳ್ಳು ನುಣ್ಣಗೆ ಬರುತ್ತದಂತೆ. ಪಾಠವೆಲ್ಲ ಟೇಪಾಗುತ್ತದೆ. ಒಂದು ಕ್ಯಾಸೆಟ್ ಮೇಡಂಗೆ, ಒಂದು ಕಲಿಯುವವನಿಗೆ. ಸುಳ್ಳು ಅನ್ನಿಸಿದರೆ ಕ್ಯಾಸೆಟ್ ಮೇಲೆ ಕೆಂಪು ಚೀಟಿ ಬೀಳುತ್ತದೆ, ಮೂರು ಚೀಟಿ ಬಿದ್ದರೆ ಕೆಲಸ ಹೋಯಿತು.

ಈಗ ಬೈಗುಳ. ಭಾನುವಾರ ಭಾವ ಹಾಸ್ಟೆಲಿಗೆ ಬಂದಿದ್ದರು. ಪಾಪ, ಅಷ್ಟು ದೊಡ್ಡ ಹಣ್ಣಿನ ಬುಟ್ಟಿ ಹೊತ್ತುಕೊಂಡು. ಒಂದು ಗಂಟೆ ಕೂತಿದ್ದರು. "ನಿಮ್ಮಕ್ಕ ಎಲ್ಲಿದಾಳೆ ಅಂತ ಒಂದೇ ಒಂದು ಮಾತು ಹೇಳಮ್ಮ" ಅಂದರು. ನೀನು ಆಣೆ ಹಾಕಿಸಿಕೊಂಡಿದ್ದೀಯಲ್ಲ, ನಾನು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮಾತು ಬದಲಿಸಲು ಈ ಕೇಂದ್ರ, ಮೇಡಂ, ಕೆಂಪು ಚೀಟಿ ಎಲ್ಲ ಹೇಳಿ ನಗಿಸಿ ಕಳಿಸಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನಿಮ್ಮದು ಎರಡು ತಿಂಗಳಾದರೂ ಊಟಕ್ಕೇ ಬಂದಿಲ್ಲ. ಅವರು ಅಷ್ಟು ಒಳ್ಳೆಯವರು, ನೀನು ಯಾಕೆ ಇಷ್ಟು ಹಟ ಹಿಡಿದೆ?

ಬಚ್ಚಲಲ್ಲಿ ಜಾರಿ ಮುರಿದುಕೊಂಡ ಕೈ ಹೇಗಿದೆ? ಎಡಗೈ ಆದದ್ದು ಪುಣ್ಯ, ಇಲ್ಲದಿದ್ದರೆ ಕಾಗದವೂ ಇರುತ್ತಿರಲಿಲ್ಲ.

ನಿನ್ನ
ಚಿನಕುರಳಿ


ಜೂನ್ 18, ಮಂಗಳವಾರ

ಚಿನಕುರಳಿ,

ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಬಾಯಿಗೆ ಸಂಬಳ ಅಂದರೆ ನೀನು ಬೇಗ ಸಾಹುಕಾರ್ತಿಯಾಗುತ್ತೀಯ.

ಕೈ ಕೂಡಿಕೊಂಡಿದೆ, ಚಳಿಗೆ ಸ್ವಲ್ಪ ನೋಯುತ್ತದೆ. ಇಲ್ಲಿ ಒಂದು ಕೈಕೆಲಸ ಕಲಿಯುತ್ತಿದ್ದೇನೆ. ಯಜಮಾನಿ ಗಟ್ಟಿ ಹೆಂಗಸು, ಬಾಯಿ ಖಾರ, ಮನಸ್ಸು ಮೆದು. ನನ್ನ ಬಟ್ಟೆಯ ಸಾಲು ನೋಡಿ ನಗುತ್ತಾಳೆ. ಅಮ್ಮ ಕಲಿಸಿದ ಹಾಗೆ ಒಳಮೈ ಹೊರಗೆ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಒಣಹಾಕುತ್ತೇನಲ್ಲ, "ಇದೇನು, ಬಟ್ಟೆಗಳೂ ಶಾಲೆಗೆ ಹೊರಟಿವೆಯಾ" ಅನ್ನುತ್ತಾಳೆ. ಅವಳಿಗೆ ನಮ್ಮ ಹಳೆಯ ತಟ್ಟು ಕಲಿಸಿದ್ದೇನೆ. ಎರಡು ತಟ್ಟಿ, ನಿಲ್ಲಿಸಿ, ಉಗುರಿನಿಂದ ಒಂದು ಗೀರು. ಹಾಗೆ ತಟ್ಟಿದರೆ ಮಾತ್ರ ನಾನು ಬಾಗಿಲು ತೆಗೆಯುವುದು. ಆಟ ಅಂದುಕೋ.

ನಿನ್ನ ಭಾವನಿಗೆ ಏನೂ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಹಾಗೆಯೇ ಇರು. ಅವರ ಮನಸ್ಸು ಸ್ವಲ್ಪ ತಣ್ಣಗಾಗಲಿ. ಆದರೆ ಅವರ ಜೊತೆ ಜಗಳವೂ ಆಡಬೇಡ. ಅಪ್ಪ ಅಮ್ಮ ಹೋದ ಮೇಲೆ ಹಾಸ್ಟೆಲಿನ ಪುಸ್ತಕದಲ್ಲಿ ಪೋಷಕರ ಜಾಗದಲ್ಲಿ ಇರುವುದು ಅವರ ಸಹಿ. ನಿನ್ನ ಪರೀಕ್ಷೆ ಮುಗಿಯುವ ತನಕ ನನಗೆ ಅದೊಂದೇ ಯೋಚನೆ. ಕಾಗದವನ್ನು ಈ ಊರಿನ ಅಂಚೆಪೆಟ್ಟಿಗೆಯ ಸಂಖ್ಯೆಗೇ ಬರಿ, ಯಜಮಾನಿ ತಂದುಕೊಡುತ್ತಾಳೆ. ನಾಲ್ಕು ದಿನಕ್ಕೆ ಬಂದು ಮುಟ್ಟುತ್ತದೆ.

ಇಲ್ಲಿ ಮೂರು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಅಕ್ಕ


ಜೂನ್ 27, ಗುರುವಾರ

ಅಕ್ಕಾ,

ಬೆಳಕಿಗೆ ಹಿಡಿದೆ. ಬೇಡ ಅಂದದ್ದನ್ನು ನಾನು ಯಾವತ್ತು ಬಿಟ್ಟಿದ್ದೇನೆ? 'ಬೀಗ' ಅನ್ನುವ ಒಂದು ಪದ ಮಾತ್ರ ಕಂಡಿತು. ಯಾವ ಬೀಗ, ಯಾರ ಮನೆಯದು? ನಿನ್ನ ಕಾಗದ ಯಾವಾಗಲೂ ಹೀಗೇ, ಅರ್ಧ ಬರೆದದ್ದು, ಅರ್ಧ ಹೊಡೆದದ್ದು. ಮೇಡಂ ನೋಡಿದರೆ ಜೀವಂತ ಭಾಷೆ ಅಂತ ಚೌಕಟ್ಟು ಹಾಕಿಸುತ್ತಾರೆ.

ನನಗೆ ಒಬ್ಬರು ಕಾಯಂ ಸಿಕ್ಕಿದ್ದಾರೆ. ವಾರಕ್ಕೆ ನಾಲ್ಕು ದಿನ, ಐದನೇ ಗೂಡು. ವಯಸ್ಸು ನಲವತ್ತರ ಸುಮಾರು. ಬೇರೆ ಕಡೆಯವರಂತೆ, ಕೆಲಸದ ಮೇಲೆ ಇಲ್ಲಿಗೆ ವರ್ಗವಾಗಿದೆಯಂತೆ. ಬಂದ ಮೊದಲ ದಿನವೇ "ಆ ಹುಡುಗಿಯೇ ಆಗಬೇಕು" ಅಂತ ನನ್ನನ್ನು ಕೇಳಿದರು. ನಾವು ಅವರಿಗೆ ಇಟ್ಟ ಹೆಸರು ಕರವಸ್ತ್ರ. ಯಾವ ಕುರ್ಚಿಯಾದರೂ ಸರಿ, ಕೂರುವ ಮುಂಚೆ ಕರವಸ್ತ್ರ ಹಾಸಿ, ನಾಲ್ಕು ಮೂಲೆ ಎಳೆದು ಸರಿಮಾಡಿ, ಆಮೇಲೆ ಕೂರುತ್ತಾರೆ. ಎದ್ದ ಮೇಲೆ ನಾಲ್ಕು ಮಡಿಕೆ ಮಾಡಿ ಎಡಜೇಬಿಗೆ. ಗಣಿತದವಳು ಇದನ್ನು ನೋಡಲೆಂದೇ ನಿದ್ದೆ ಬಿಟ್ಟು ಎದ್ದು ಬರುತ್ತಾಳೆ.

ಅವರ ತಪ್ಪುಗಳೇ ಒಂದು ತಮಾಷೆ. ನಾವು ತಪ್ಪನ್ನು ನಡುವೆ ತಿದ್ದುವಂತಿಲ್ಲ, ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸೋಮವಾರ ಸರಾಗವಾಗಿ ಹೇಳಿದ ಮಾತು ಮಂಗಳವಾರ ಬಾಯಿಗೇ ಬರುವುದಿಲ್ಲ. ಬುಧವಾರ ಮತ್ತೆ ಬರುತ್ತದೆ. ಉಳಿದವರು ಒಂದೇ ತಪ್ಪನ್ನು ತಿಂಗಳುಗಟ್ಟಲೆ ಮಾಡುತ್ತಾರೆ, ಇವರದು ದಿನಕ್ಕೊಂದು ಹೊಸದು. ಪಾಪ, ಎಷ್ಟು ಕಷ್ಟಪಡುತ್ತಾರೋ.

ಪಾಠದ ಪ್ರಶ್ನೆಗಳು ಪುಸ್ತಕದಲ್ಲೇ ಇವೆ. ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ? ಅವರು ಎಲ್ಲಿರುತ್ತಾರೆ? ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ? ನನಗೆ ನೀನು ಬಿಟ್ಟರೆ ಇನ್ಯಾರಿದ್ದಾರೆ ಹೇಳು, ಹಾಗಾಗಿ ಎಲ್ಲ ಪಾಠದಲ್ಲೂ ನೀನೇ. ನಿನ್ನ ಹಟ, ನಿನ್ನ ಅಡುಗೆ, ಮುರಿದ ಕೈ, ಊರಿನ ಹೆಸರು. ಅವರು ಎಷ್ಟು ಗಮನ ಕೊಟ್ಟು ಕೇಳುತ್ತಾರೆ ಗೊತ್ತಾ? ನಮ್ಮ ಮೇಷ್ಟರುಗಳು ಯಾರೂ ನನ್ನ ಮಾತನ್ನು ಹಾಗೆ ಕೇಳಿಲ್ಲ. ಹೆದರಬೇಡ, ಆಣೆ ಮುರಿದಿಲ್ಲ. ಭಾವನಿಗೆ ಹೇಳಬೇಡ ಅಂದೆ, ಹೇಳಿಲ್ಲ. ಇವರು ಯಾರೋ ದಾರಿಹೋಕರು.

ದಿನಾ ಬಂದ ತಕ್ಷಣ "ಊಟ ಆಗಿದೆಯಾ" ಅಂತ ಕೇಳುತ್ತಾರೆ. ಪುಸ್ತಕದ ಮೊದಲ ಪಾಠದ ವಾಕ್ಯ ಅದು, ಗೊತ್ತು. ಆದರೂ ನೀನು ಹೋದ ಮೇಲೆ ಅದನ್ನು ಕೇಳಿದವರು ಅವರೊಬ್ಬರೇ. ಈ ಸಲದ ಹಾಳೆಯಲ್ಲಿ 'ಇತರೆ' ಎದುರು 'ಇಲ್ಲಿ ಒಬ್ಬರು ನನಗಾಗಿ ಕಾಯುತ್ತಾರೆ' ಅಂತ ಬರೆದೆ. ಮೇಡಂ ಓದಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇದು ನಿಜ ಅಂದರು.

ನಿನ್ನ
ಚಿನಕುರಳಿ


ಜುಲೈ 2, ಮಂಗಳವಾರ

ಚಿನಕುರಳಿ,

ಒಂದು ಮಾತು ಕೇಳುತ್ತೇನೆ. ಆ ಕರವಸ್ತ್ರದವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿದೆಯಾ? ನೋಡಿ ಬರಿ. ನಾನು ಕೇಳಿದೆ ಅಂತ ಅವರಿಗೆ ಹೇಳಬೇಡ. ಮೇಡಂಗೂ ಬೇಡ. ಟೇಪ್ ಓಡುವಾಗ ಈ ಮಾತು ಎತ್ತಲೇಬೇಡ.

ಬೇರೆ ಯಾರಾದರೂ ಕಲಿಯುವವರನ್ನು ಕೊಡಿ ಅಂತ ಮೇಡಂ ಹತ್ತಿರ ಕೇಳಿಕೋ. ತಲೆನೋವು ಅನ್ನು, ಏನಾದರೂ ಅನ್ನು. ನನ್ನ ವಿಷಯ ಪಾಠದಲ್ಲಿ ಸಾಕು.

ಊಟ ಆಗಿದೆಯಾ? ನಾನೂ ಕೇಳುತ್ತಿದ್ದೇನೆ, ನೋಡು.

ಅಕ್ಕ


ಜುಲೈ 8, ಸೋಮವಾರ

ಅಕ್ಕಾ,

ಸೀಳಿದೆ. ನಿನಗೆ ಹೇಗೆ ಗೊತ್ತು? ಕಾಗದ ಓದಿ ಉಗುರು ಹೇಳುವ ಶಾಸ್ತ್ರ ಯಾವಾಗ ಕಲಿತೆ? ಅದೇ ಏನು ನಿನ್ನ ಕೈಕೆಲಸ? ಇಡೀ ಸಂಜೆ ಆ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದೆ. "ಏನು ನೋಡುತ್ತೀರಿ" ಅಂತ ಕೇಳಿಯೇಬಿಟ್ಟರು. ಗಡಿಯಾರ ಅಂದೆ. ನಿನ್ನಿಂದಾಗಿ ಗೂಡಿನಲ್ಲಿ ನನ್ನ ಮೊದಲ ಸುಳ್ಳು. ನುಣ್ಣಗೇ ಬಂತು.

ಆದರೆ ಬೇರೆಯವರನ್ನು ಕೇಳುವುದಿಲ್ಲ. ಬೇಸರ ಮಾಡಿಕೋ, ಪರವಾಗಿಲ್ಲ. ನೀನು ಹೇಳದೆ ಕೇಳದೆ ಊರು ಬಿಟ್ಟು ಹೋದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಾಲ್ಕು ಸಾಲು ಬರೆಯುತ್ತೀಯ, ಎರಡು ಹೊಡೆದು ಹಾಕುತ್ತೀಯ. ನಾನು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಮಾತ್ರ ಸ್ಪಷ್ಟವಾಗಿ ಬರೆಯುತ್ತೀಯ. ಹಾಸ್ಟೆಲಿನಲ್ಲಿ ಭಾನುವಾರ ಎಲ್ಲರಿಗೂ ಯಾರಾದರೂ ಬರುತ್ತಾರೆ. ನಾನು ಗೋಡೆಯ ಮೇಲಿನ ಹಲ್ಲಿ ಎಣಿಸುತ್ತೇನೆ. ಆ ಐದನೇ ಗೂಡಿನಲ್ಲಿ ಮೂರು ಗಂಟೆ ನಾನು ಯಾರಿಗೋ ಬೇಕಾದವಳು. ಅದನ್ನೂ ಬಿಡು ಅಂದರೆ ಹೇಗೆ?

ಬರೆದು ಮುಗಿಸಿದ ಮೇಲೆ ಪಾಪ ಅನ್ನಿಸುತ್ತಿದೆ. ಆದರೆ ಹೊಡೆದು ಹಾಕುವುದಿಲ್ಲ, ನಿನ್ನ ಹಾಗೆ ಅಲ್ಲ ನಾನು.

ಒಂದು ಸಹಾಯ ಬೇಕು. ಏಳನೇ ಪಾಠ 'ಪ್ರೀತಿಯವರ ಕೋಣೆ'. ಪ್ರೀತಿಯವರೊಬ್ಬರು ಇರುವ ಕೋಣೆ, ಮನೆ, ಬೀದಿ, ಅಲ್ಲಿಗೆ ಹೋಗುವ ದಾರಿ, ಎಲ್ಲ ವರ್ಣಿಸಬೇಕು. ಕೇಳಿದವನು ಅದರಂತೆ ಚಿತ್ರ ಬರೆಯಬೇಕು. ನನ್ನ ಹಾಸ್ಟೆಲ್ ಕೋಣೆ ಹೇಳುತ್ತೇನೆ ಅಂದರೆ ಅವರು, "ನಿಮ್ಮ ಅಕ್ಕನ ಕೋಣೆ ಹೇಳಿ, ನೀವು ಅಕ್ಕನ ಬಗ್ಗೆ ಹೇಳುವಾಗಲೇ ನನಗೆ ಚೆನ್ನಾಗಿ ಅರ್ಥ ಆಗುವುದು" ಅಂದರು. ನನಗೂ ಆಸೆಯಾಯಿತು. ನೀನು ಎಲ್ಲಿ ಮಲಗುತ್ತೀಯ, ಕಿಟಕಿ ಯಾವ ಕಡೆ, ಏನೂ ಗೊತ್ತಿಲ್ಲ ನನಗೆ. ಬರಿ. ನಿಜವನ್ನೇ ಬರಿ, ಇಲ್ಲದಿದ್ದರೆ ಕೆಂಪು ಚೀಟಿ ಬಿದ್ದೀತು.

ನಿನ್ನ
ಚಿನಕುರಳಿ


ಜುಲೈ 13, ಶನಿವಾರ

ಪ್ರೀತಿಯ ಚಿನಕುರಳಿ,

ನೀನು ಕೇಳಿದ ಹಾಗೆ ನನ್ನ ಕೋಣೆಯ ವಿವರ ಬರೆಯುತ್ತಿದ್ದೇನೆ. ರೈಲು ನಿಲ್ದಾಣದ ಮುಂಬಾಗಿಲಿನಿಂದ ಹೊರಬಿದ್ದು ಎಡಕ್ಕೆ ತಿರುಗಿದರೆ ಒಂದು ಔಷಧದ ಅಂಗಡಿ ಬರುತ್ತದೆ. ಅದರ ಪಕ್ಕದ ಬೀದಿಯಲ್ಲಿ ನೇರವಾಗಿ ನಡೆದರೆ ಬಲಗಡೆ ಕನ್ನಡಕದ ಅಂಗಡಿ ಇದೆ. ಅದರ ಮೇಲಿನ ಎರಡನೇ ಮಹಡಿಯಲ್ಲಿ ನನ್ನ ಕೋಣೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲಿದೆ. ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದಾರೆ, ಕೆಳಗಿನ ಅಂಚಿನಲ್ಲಿ ಬಣ್ಣ ಕಿತ್ತುಬಂದಿದೆ.

ಒಳಗೆ ಒಂದು ಮಂಚ, ಒಂದು ಮೇಜು, ನೀರಿನ ಹೂಜಿ. ಕಿಟಕಿ ಪೂರ್ವಕ್ಕಿದೆ. ವಾರದ ದಿನಗಳಲ್ಲಿ ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಬೆಳಗ್ಗೆಯೆಲ್ಲ ಮನೆಯಲ್ಲೇ ಇರುತ್ತೇನೆ, ಒಬ್ಬಳೇ.

ಪಾಠದಲ್ಲಿ ಚೆನ್ನಾಗಿ ಓದಿ ಹೇಳು. ನನ್ನ ಹಿಂದಿನ ಕಾಗದದಲ್ಲಿ ಸಿಡುಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅವರಿಂದ ದೂರವಿರು ಅಂದದ್ದನ್ನು ಮರೆತುಬಿಡು.

ಪ್ರೀತಿಯಿಂದ,
ಅಕ್ಕ


ಜುಲೈ 18, ಗುರುವಾರ

ಅಕ್ಕಾ,

ಕಾಗದ ನಿನ್ನೆ ಮಧ್ಯಾಹ್ನ ಬಂತು, ಸಂಜೆಯೇ ಪಾಠಕ್ಕೆ ಬಳಸಿದೆ. 'ಪ್ರೀತಿಯ' ಅಂತ ಬೇರೆ ಶುರುಮಾಡಿದ್ದೀಯ. ಒಂದು ಕಡೆಯೂ ಹೊಡೆದು ಹಾಕಿಲ್ಲ. ಹುಷಾರಾಗಿದ್ದೀಯ ತಾನೇ? ನಾನು ಓದುತ್ತಾ ಹೋದೆ, ಅವರು ಬಿಳಿ ಹಾಳೆಯ ಮೇಲೆ ಚಿತ್ರ ಬರೆಯುತ್ತಾ ಹೋದರು. ನಿಲ್ದಾಣ, ಔಷಧದ ಅಂಗಡಿ, ಕಬ್ಬಿಣದ ಮೆಟ್ಟಿಲು, ಹಸಿರು ಬಾಗಿಲು. ನೀಟಾಗಿ ಬರೆದರು. ಎಡ ಬಲ ಒಂದೂ ತಪ್ಪಲಿಲ್ಲ. ಆ ಹಾಳೆಯನ್ನೂ ಕರವಸ್ತ್ರದ ಹಾಗೆಯೇ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಮೇಡಂ ಇವತ್ತು ಟೇಪ್ ಕೇಳಿ ಕೆಂಪು ಚೀಟಿ ಅಂಟಿಸಿದರು. ನೀನು ನಂಬಬೇಕು, ನನಗೆ ಬಿದ್ದ ಮೊದಲನೇ ಚೀಟಿ. "ಇದು ನೋಡಿ ಹೇಳಿದ ಹಾಗಿಲ್ಲ" ಅಂದರು. ನಮ್ಮಕ್ಕನೇ ಬರೆದದ್ದು ಮೇಡಂ, ಸುಳ್ಳು ಹೇಳುವವಳಲ್ಲ ಅಂತ ವಾದ ಮಾಡಿದೆ. ಚೀಟಿ ಮಾತ್ರ ತೆಗೆಯಲಿಲ್ಲ.

ಇನ್ನೊಂದು ಸುದ್ದಿ. ಕರವಸ್ತ್ರ ಇನ್ನು ಬರುವುದಿಲ್ಲವಂತೆ. ಹನ್ನೆರಡು ಪಾಠಕ್ಕೆ ಹೆಸರು ಕೊಟ್ಟವರು ಏಳಕ್ಕೇ ನಿಲ್ಲಿಸಿದರು. "ನನಗೆ ಬೇಕಾದಷ್ಟು ಕಲಿತೆ, ನಿಮ್ಮ ಉಪಕಾರ ಮರೆಯಲ್ಲ" ಅಂತ ಕೈ ಮುಗಿದು ಹೋದರು. ಐದನೇ ಗೂಡಿಗೆ ಇವತ್ತು ಒಬ್ಬ ಬಂದ, ಆಕಳಿಸುತ್ತಾನೆ. ನನಗೆ ಯಾಕೋ ಅಳುವೇ ಬಂತು. ಮೇಡಂ ಕೊಟ್ಟ ಹಾಳೆಯನ್ನು ಖಾಲಿ ಬಿಟ್ಟೆ. ಈ ಕೆಲಸಕ್ಕೆ ಯಾಕೆ ಬರುತ್ತೇನೋ ನನಗೇ ಗೊತ್ತಿಲ್ಲ.

ನಿನ್ನ
ಚಿನಕುರಳಿ


ಜುಲೈ 24, ಬುಧವಾರ

ಚಿನಕುರಳಿ,

ನಿಂತುಕೊಂಡು ಓದಬೇಡ. ಕೂತು ಓದು, ಬಾಗಿಲು ಹಾಕಿಕೊಂಡು.

ನಾನು ಬರೆದ ಕೋಣೆ ನನ್ನದಲ್ಲ. ಅದು ನನ್ನ ಕಿಟಕಿಗೆ ಎದುರಿಗಿರುವ ಖಾಲಿ ಮನೆ. ಅದನ್ನು ನೋಡಿಕೊಂಡೇ ಬರೆದೆ. ಅಲ್ಲಿಗೆ ಯಾರು ಬರುತ್ತಾರೆ ಅಂತ ನೋಡಬೇಕಿತ್ತು ನನಗೆ. ಭಾನುವಾರ ಬೆಳಗ್ಗೆ ಎಂಟಕ್ಕೆ ಇಬ್ಬರು ಬಂದರು. ಒಬ್ಬ ನಿನ್ನ ಕರವಸ್ತ್ರ. ಇನ್ನೊಬ್ಬ ನಿನ್ನ ಭಾವ. ಆ ಹಸಿರು ಬಾಗಿಲನ್ನು ಮೊದಲು ಕೈಯಲ್ಲಿ ತಟ್ಟಿದ, ಆಮೇಲೆ ಕಾಲಲ್ಲಿ. ಒಳಗೆ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಮೆಟ್ಟಿಲ ಮೇಲೆ ನಿಂತು ನಿಧಾನವಾಗಿ ಬೀದಿಯನ್ನೆಲ್ಲ ನೋಡಿದ. ನಾನು ನೆಲದ ಮೇಲೆ ಮಲಗಿದ್ದೆ. ಮಧ್ಯಾಹ್ನದ ತನಕ ಏಳಲಿಲ್ಲ.

ನನ್ನ ಕೈ ಬಚ್ಚಲಲ್ಲಿ ಮುರಿಯಲಿಲ್ಲ. ನಿನ್ನ ಭಾವ ಮುರಿದ. ಅದು ಮೊದಲ ಸಲವೂ ಅಲ್ಲ. ಆಮೇಲೆ ಕೋಣೆಗೆ ಹಾಕಿ ಹೊರಗಿನಿಂದ ಬೀಗ ಹಾಕಿದ, ಎರಡು ದಿನ. ಬಾಗಿಲ ಹೊರಗೆ ಕಾವಲಿಗೆ ತನ್ನ ಆಫೀಸಿನ ಒಬ್ಬನನ್ನು ಕೂರಿಸಿದ್ದ. ಬಾಗಿಲ ಸಂದಿಯಿಂದ ನೋಡಿದೆ, ಅವನು ಕುರ್ಚಿಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದ. ಎಷ್ಟು ಸಲ ನಾನೇ ಅವನಿಗೆ ಬಡಿಸಿದ್ದೆ, ಆ ಹೆಬ್ಬೆರಳು ನೋಡಿದ್ದೆ. "ಅಣ್ಣಾ, ನೀರು ಕೊಡಿ" ಅಂತ ಕೂಗಿದೆ. ಅವನು ಎದ್ದು ಕುರ್ಚಿಯನ್ನು ಸ್ವಲ್ಪ ದೂರಕ್ಕೆ ಹಾಕಿಕೊಂಡು ಮತ್ತೆ ಕರವಸ್ತ್ರ ಹಾಸಿದ. ನಮ್ಮ ಭಾಷೆ ಅವನ ತಾಯಿಭಾಷೆ ಕಣೇ. ತಪ್ಪುಗಳನ್ನೆಲ್ಲ ಅವನು ದಿನಾ ಮನೆಯಲ್ಲಿ ಕೂತು ತಯಾರಿಸಿಕೊಂಡು ಬಂದದ್ದು.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿನಗೆ ಮೊದಲೇ ಹೇಳಬೇಕಿತ್ತು. ನಿನ್ನ ಓದು ಹಾಳಾಗುತ್ತದೆ ಅಂತ ಮುಚ್ಚಿಟ್ಟೆ. ಗೊತ್ತಾದರೆ ನಿನ್ನ ಮುಖವೇ ಹೇಳಿಬಿಡುತ್ತದೆ ಅಂತ, ಕರವಸ್ತ್ರದವನು ಯಾರೆಂದು ತಿಳಿದ ಮೇಲೂ ಮುಚ್ಚಿಟ್ಟೆ. ನಿನ್ನ ಕೈಯಲ್ಲೇ ಸುಳ್ಳು ಕಳಿಸಿದೆ. ನನ್ನ ತಪ್ಪು. ಸುಳ್ಳು ಅಂತ ಗೊತ್ತಾದ ಮೇಲೆ ಅವರು ಕೇಳುವುದು ಯಾರನ್ನು ಅಂತ ನಾನು ಆಗ ಯೋಚಿಸಲಿಲ್ಲ. ಮೂರು ದಿನದಿಂದ ಬೇರೆ ಏನೂ ಯೋಚಿಸುತ್ತಿಲ್ಲ.

ಈ ಕಾಗದ ಸಿಕ್ಕಿದ ದಿನದಿಂದ ಆ ಕೇಂದ್ರಕ್ಕೆ ಹೋಗಬೇಡ. ಗಣಿತದವಳನ್ನು ಬಿಟ್ಟು ಒಬ್ಬಳೇ ಓಡಾಡಬೇಡ. ಮೇಡಂ ಹತ್ತಿರ ಎಲ್ಲ ಹೇಳು, ಕೆಂಪು ಚೀಟಿ ಅಂಟಿಸಿದವರು ನಂಬುತ್ತಾರೆ. ನಿನ್ನೆ ಹಾಸ್ಟೆಲಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ವಾರ್ಡನ್, "ಪೋಷಕರು ಬಿಟ್ಟು ಬೇರೆಯವರ ಫೋನು ಕೊಡೋದಿಲ್ಲ" ಅಂತ ಇಟ್ಟುಬಿಟ್ಟರು. ತಂತಿ ಕೊಟ್ಟರೆ ಅವರೇ ಒಡೆದು ಓದಿ ಪೋಷಕರಿಗೆ ತಿಳಿಸುತ್ತಾರೆ. ಪೋಷಕ ಯಾರು ಅಂತ ಗೊತ್ತಲ್ಲ. ಉಳಿದದ್ದು ಈ ಕಾಗದ, ಈ ನಾಲ್ಕು ದಿನ.

ಯಜಮಾನಿಗೆ ಎಲ್ಲ ಹೇಳಿದ್ದೇನೆ. ಭಾನುವಾರ ಬೆಳಕು ಹರಿಯುವ ಮುಂಚೆ ಅವಳ ಗಾಡಿಯಲ್ಲಿ ಬೇರೆ ಊರಿಗೆ ಹೋಗುತ್ತೇನೆ. ಅಲ್ಲಿಂದ ನಿನ್ನನ್ನು ಕರೆಸಿಕೊಳ್ಳುವ ದಾರಿ ನೋಡುತ್ತೇನೆ. ಅಲ್ಲಿಯ ತನಕ ಹಗಲಲ್ಲೂ ಚಿಲಕ ಹಾಕಿಕೊಂಡಿರುತ್ತೇನೆ. ಆ ತಟ್ಟು ಕೇಳಿದರೆ ಮಾತ್ರ ತೆಗೆಯುವುದು.

ನೀನು ಆ ಕೆಲಸಕ್ಕೆ ಯಾಕೆ ಹೋಗುತ್ತಿದ್ದೆ ಅಂತ ನನಗೆ ಗೊತ್ತು. ನಾನು ನಿನ್ನನ್ನು ಒಬ್ಬಳೇ ಬಿಟ್ಟು ಬಂದೆ. ಊಟ ಆಗಿದೆಯಾ ಅಂತ ಕೇಳಬೇಕಾದವಳು ನಾನು.

ಅಕ್ಕ


ಜುಲೈ 26, ಶುಕ್ರವಾರ

ಅಕ್ಕಾ,

ಕರವಸ್ತ್ರ ವಾಪಸ್ ಬಂದರು. ಇವತ್ತು ನಾಲ್ಕಕ್ಕೆ ನಾನು ಕೇಂದ್ರಕ್ಕೆ ಹೋದರೆ, ಐದನೇ ಗೂಡಿನಲ್ಲಿ ಆಗಲೇ ಕರವಸ್ತ್ರ ಹಾಸಿಕೊಂಡು ಕೂತಿದ್ದಾರೆ. ಬಾಗಿಲು ಹಾಕಿ ಅಂದರು. ಟೇಪ್ ಬೇಡ ಅಂದರು. ಆಮೇಲೆ ಮಾತಾಡಲು ಶುರುಮಾಡಿದರು ನೋಡು, ಒಂದು ತಪ್ಪಿಲ್ಲ, ಒಂದು ತಡೆಯಿಲ್ಲ, ನೀನೋ ನಾನೋ ಮಾತಾಡಿದ ಹಾಗೆ. ಹತ್ತು ದಿನದ ಹಿಂದೆ ತಡಬಡಿಸುತ್ತಿದ್ದವರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಮೇಡಂ ಹಾಳೆಗೆ ಈಗ ಉತ್ತರ ಸಿಕ್ಕಿತು: 'ನಾನು ಕಲಿಸಿದವರು ಕಲಿತರು, ಅದಕ್ಕೇ ಬರುತ್ತೇನೆ.' ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ.

ನೀನು ಮಾತ್ರ ನನ್ನ ಮರ್ಯಾದೆ ತೆಗೆದೆ. ಭಾನುವಾರ ಅವರು ಕೆಲಸದ ಮೇಲೆ ನಿಮ್ಮೂರಿಗೆ ಹೋಗಿದ್ದರಂತೆ. ಕಲಿಸಿದವಳ ಅಕ್ಕನಿಗೆ ಒಂದು ನಮಸ್ಕಾರ ಹೇಳೋಣ ಅಂತ ಚಿತ್ರ ಹಿಡಿದುಕೊಂಡು ಹೋದರೆ, ಹಸಿರು ಬಾಗಿಲ ಮನೆ ವರ್ಷದಿಂದ ಖಾಲಿಯಂತೆ. "ನಿಮ್ಮ ಅಕ್ಕ ನಮ್ಮಿಬ್ಬರಿಗೂ ಸುಳ್ಳು ಹೇಳಿದ್ದಾರಲ್ಲ, ಯಾಕಿರಬಹುದು" ಅಂತ ಕೇಳಿದರು. ಕೋಪ ಇರಲಿಲ್ಲ, ಮೆಲ್ಲಗೇ ಕೇಳಿದರು. ನನಗೆ ನಾಚಿಕೆಯಾಯಿತು. ಆಮೇಲೆ ಯೋಚಿಸಿದೆ. ನಿನ್ನ ತಂಗಿ ಪೆದ್ದಿಯಲ್ಲ. ಬಾಗಿಲಿನ ಕೆಳಗಿನ ಅಂಚಿನಲ್ಲಿ ಬಣ್ಣ ಕಿತ್ತುಬಂದಿದೆ ಅಂತ ಬರೆದಿದ್ದೀಯ. ದಿನಾ ನೋಡದೆ ಅದನ್ನು ಯಾರೂ ಬರೆಯಲಾರರು. ಹಾಗಾದರೆ ನೀನಿರುವುದು ಅದರ ಎದುರಿಗೇ. ಹೇಳಿದೆ. ಅವರು ಎದ್ದು ನಿಂತು ನನ್ನ ತಲೆ ನೇವರಿಸಿದರು. "ಇಷ್ಟು ದಿನ ಇದು ನಮಗ್ಯಾರಿಗೂ ಹೊಳೀಲಿಲ್ಲ ನೋಡಿ" ಅಂದರು.

ನಾಳೆ ಶನಿವಾರ, ಕ್ಲಾಸಿಲ್ಲ. ಅವರು ಮತ್ತೆ ಅಲ್ಲಿಗೇ ಹೋಗುತ್ತಿದ್ದಾರೆ. "ಗಾಡಿ ಇದೆ, ಬರ್ತೀರಾ, ಅಕ್ಕನಿಗೆ 'ಸರ್‌ಪ್ರೈಸ್' ಕೊಡೋಣ" ಅಂದರು. ಎದುರು ಸಾಲಿನಲ್ಲಿ ಎಷ್ಟೋ ಮನೆ ಇವೆಯಂತೆ, ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಅಂದರು. ನನಗೆ ನಗು ಬಂತು. ಒಳಮೈ ಹೊರಗೆ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬಟ್ಟೆ ಒಣಹಾಕುವವಳು ಈ ಲೋಕದಲ್ಲಿ ಇನ್ನೊಬ್ಬಳಿದ್ದಾಳಾ?

ವಾರ್ಡನ್ ಒಪ್ಪಿಗೆಗೆ ಭಾವನಿಗೆ ಫೋನ್ ಮಾಡಿದರು. ಎಲ್ಲಿಗೆ ಅಂತ ಹೇಳಲಿಲ್ಲ ನಾನು, ಗೆಳತಿಯ ಮನೆಗೆ ಅಂದೆ. ಅವರು ಏನೂ ಕೇಳದೆ ಒಪ್ಪಿದರಂತೆ. ನೋಡು, ಕೊನೆಯ ತನಕ ಆಣೆ ಉಳಿಸಿಕೊಂಡೆ.

ಈ ಕಾಗದ ಬರುವ ಹೊತ್ತಿಗೆ ನಾನು ಬಂದು, ನಿನ್ನ ಕೈ ಅಡುಗೆ ಉಂಡು, ವಾಪಸ್ ಬಂದಿರುತ್ತೇನೆ. ಆದರೂ ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲುಪುತ್ತೇವೆ. ಅವರು ಮೆಟ್ಟಿಲ ಮೇಲೆ ಸದ್ದು ಮಾಡದೆ ನನ್ನ ಹಿಂದೆಯೇ ನಿಂತಿರುತ್ತಾರಂತೆ. ತಟ್ಟುವುದು ನಾನು. ಎರಡು ತಟ್ಟಿ, ನಿಲ್ಲಿಸಿ, ಉಗುರಿನಿಂದ ಒಂದು ಗೀರು. ಬೇಗ ತೆಗಿ.

ನಿನ್ನ
ಚಿನಕುರಳಿ